ಚೀನಾದ ದಂಡನಾಯಕನೂ ನಮ್ಮ ದೊಡ್ಡವ್ವನೂ

ಆ ಪುಸ್ತಕದ ಹೆಸರು ನನಗೆ ಕೊನೆಗೂ ಗೊತ್ತಾಗಲಿಲ್ಲ. ಸ್ಟೇಷನ್ ರಸ್ತೆಯ ಒಂದು ರದ್ದಿ ಅಂಗಡಿಯಲ್ಲಿ ಹಳೆಯ ಪಠ್ಯಪುಸ್ತಕಗಳ ಕೆಳಗೆ ಸಿಕ್ಕಿತ್ತು. ರಟ್ಟಿರಲಿಲ್ಲ, ಮೊದಲ ಹಲವು ಹಾಳೆಗಳೂ ಇರಲಿಲ್ಲ. ಚೀನಾದ ಯಾವುದೋ ಹಳೆಯ ಕಾಲದ ರಾಜ್ಯವೊಂದರ ಕಥೆ, ಇಂಗ್ಲಿಷಿಗೆ ಬಂದದ್ದು. ಪುಟಪುಟಕ್ಕೂ ಯುದ್ಧ, ಪುಟಪುಟಕ್ಕೂ ನೀತಿಯ ಮಾತು. ಇತಿಹಾಸದಲ್ಲಿ ಎಂ.ಎ. ಮಾಡಿ ಧಾರವಾಡದಿಂದ ಬಂದವಳು ನಾನು. ವಿಜಾಪುರದ ಕಾಲೇಜೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಈಗಿನ ವಿಜಯಪುರ ಆಗ ನಮ್ಮ ಬಾಯಲ್ಲಿ ವಿಜಾಪುರವೇ. ಚೀನಾದವರ ಬಗ್ಗೆ ಪರೀಕ್ಷೆಗೆ ಬೇಕಾದಷ್ಟು ಮಾತ್ರ ಓದಿದ್ದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡೆ.

ಇದು ತುರ್ತು ಪರಿಸ್ಥಿತಿಯ ಮೊದಲ ಚಳಿಗಾಲವೋ ಎರಡನೆಯದೋ ಎಂಬುದು ಈಗ ಖಚಿತವಿಲ್ಲ. ಅಂದಿನಿಂದಲೂ ದಿನಚರಿ ಬರೆಯುವವಳು ನಾನು, ಆದರೆ ಆ ತಿಂಗಳುಗಳ ಬರವಣಿಗೆ ತೀರ ಬಡವಾಗಿದೆ. 'ತಿಕೋಟಾಕ್ಕೆ ಹೋಗಿ ಬಂದೆ, ಆಯಿಗೆ ಓದಿದೆ' ಎಂಬಂಥ ಸಾಲುಗಳೇ. ಉಳಿದದ್ದೆಲ್ಲ ನೆನಪು ಹೇಳಿದ್ದು. ನೆನಪು ಹೇಳಿದ್ದನ್ನೆಲ್ಲ ನಾನು ಹಾಗೆಯೇ ಒಪ್ಪುವವಳಲ್ಲ. ಅದು ಎಲ್ಲೆಲ್ಲಿ ನನಗೆ ಹಿತವಾಗುವಂತೆ ಹೇಳುತ್ತಿದೆ ಅನ್ನಿಸುತ್ತದೋ ಅಲ್ಲಲ್ಲಿ ನಿಂತು ಕೇಳಿಕೊಳ್ಳುತ್ತೇನೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ದೀಪಾವಳಿಯ ನಂತರ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ತಿಕೋಟಾದ ಮನೆಯ ಪಡಸಾಲೆಯಲ್ಲಿ ಹೊರಸು ಹಾಕಿ ಮಲಗಿಸಿದ್ದರು. ಓಡಾಡಿದ ಜೀವ, ಮಲಗಿ ಮಲಗಿ ಎಲ್ಲರ ಮೇಲೂ ಹರಿಹಾಯುತ್ತಿತ್ತು. ಅವಳ ಹೊತ್ತು ಹೋಗಲಿ ಎಂದು ಶನಿವಾರ ಬಸ್ಸು ಹಿಡಿದು ಊರಿಗೆ ಹೋದಾಗ ಈ ಪುಸ್ತಕ ಒಯ್ಯತೊಡಗಿದೆ. ಇಂಗ್ಲಿಷಿನಲ್ಲಿ ಒಂದು ಪುಟ ಕಣ್ಣಾಡಿಸುವುದು, ನಮ್ಮ ಮಾತಿನಲ್ಲಿ ಹೇಳುವುದು. ಪಕ್ಕದ ಮುಸಲ್ಮಾನರ ಮನೆಯ ಮುದುಕಿ, ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದವಳು, ಸಂಜೆಯ ಕೆಲಸ ಮುಗಿಸಿ ಬಂದು ಕಂಬಕ್ಕೆ ಒರಗಿ ಕೂಡುತ್ತಿದ್ದಳು. ಅವರ ಹೊಲವೂ ನಮ್ಮ ಹೊಲವೂ ಒಂದೇ ಬದುವಿನ ಆಚೆ ಈಚೆ. ಆಯಿಯೂ ಅವಳೂ ಒಟ್ಟಿಗೆ ಕಳೆ ತೆಗೆಯುತ್ತ ಮುದುಕಿಯರಾದವರು.

"ಎಲ್ಲಿಗಿ ಬಂದಿತ್ತ ಬೇ ಕಥಿ?" ಎಂದು ಆಯಿ ಕೇಳುತ್ತಿದ್ದಳು.

"ಅರಸ ಸತ್ತಿದ್ದ, ಆಯಿ."

"ಸತ್ತಾನಂತ ಹ್ವಾದ ವಾರನ ಹೇಳಿದಿ. ಮಣ್ಣರ ಮಾಡಿದ್ರೋ ಇಲ್ಲೋ?"

"ವಾರದಿಂದ ಹಂಗ ಇಟ್ಟಾರಂದ್ರ ನಾರಾಕತ್ತಿರಬೇಕು," ಅನ್ನುತ್ತಿದ್ದಳು ಖಾಲಾ. "ಲಗೂನ ಓದವ್ವಾ, ಪಾಪ."

ಚೀನೀ ಹೆಸರುಗಳು ಅವರ ನಾಲಿಗೆಗೆ ಹತ್ತಲಿಲ್ಲ, ನಿಜ ಹೇಳಬೇಕೆಂದರೆ ನನ್ನ ನಾಲಿಗೆಗೂ ಹತ್ತಲಿಲ್ಲ. ಹಾಗಾಗಿ ಹೆಸರು ಬಿಟ್ಟೆವು. ಸತ್ತ ಅರಸನ ಮಗ ಎಳೆಯ ಹುಡುಗ. ಅವನು 'ಕೂಸು' ಆದ. ಆ ಕೂಸಿನ ಪರವಾಗಿ ರಾಜ್ಯ ನಡೆಸುವವನು ಕುದುರೆ ಕಾಯುವವನ ಮನೆಯಲ್ಲಿ ಹುಟ್ಟಿದ ದಂಡನಾಯಕ. ಗದ್ದುಗೆ ತನ್ನದು ಎಂದು ದಂಡು ಕಟ್ಟಿದವನು ಅರಸನ ದಾಯಾದಿ. ಅವನಿಗೆ ಖಾಲಾ ಇಟ್ಟ ಹೆಸರು 'ಮೀಸಿಯಾಂವ'. ಮೀಸೆಯ ಮಾತು ಪುಸ್ತಕದಲ್ಲಿರಲಿಲ್ಲ. ಅಂಥವನಿಗೆ ಮೀಸೆ ಇರಲೇಬೇಕೆಂದು ಅವಳ ವಾದ.

ದಂಡನಾಯಕ ಒಳ್ಳೆಯವನು. ಹಸಿದವರಿಗೆ ಅರಮನೆಯ ಕಣಜ ಬಿಚ್ಚಿದ, ಗಡಿ ಕಾಯ್ದ, ಕೂಸಿಗೆ ಅಕ್ಷರ ಕಲಿಸಿದ. ಆದರೆ ರಕ್ತ ಅರಸುಮನೆತನದ್ದಲ್ಲ. ಮೀಸೆಯವನ ರಕ್ತ ಸರಿ, ನಡತೆ ಕೆಟ್ಟದ್ದು. ಹಾಗಾದರೆ ರಾಜ್ಯ ಯಾರದು? ಪುಸ್ತಕದ ತುಂಬ ಇದೇ ಜಗಳ. ರಾಜ್ಯ ಕೊಡುವುದು ಆಕಾಶ, ಒಳ್ಳೆಯದನ್ನು ಮಾಡಿದವನಿಗೆ ಅದು ಅಪ್ಪಣೆ ಕೊಡುತ್ತದೆ, ಕೆಟ್ಟು ನಡೆದರೆ ಕಸಿದುಕೊಳ್ಳುತ್ತದೆ ಎಂದು ಅದರ ಪಂಡಿತರು ಹೇಳುತ್ತಿದ್ದರು. ನಾನು ಆಯಿಗೆ ಇದನ್ನು ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ.

"ಆಕಾಶ ಯಾರ ಕಿವ್ಯಾಗ ಹೇಳಿತಂತ?" ಎಂದಳು ಆಯಿ.

"ಹಂಗಲ್ಲ ಆಯಿ. ಮಳಿ ಬೆಳಿ ಚಲೋ ಆದ್ರ ಅಪ್ಪಣಿ ಐತಿ ಅಂತ ತಿಳಕೋಬೇಕು. ಹೊಳಿ ಉಕ್ಕಿ ಊರು ಮುಳುಗಿದ್ರ ಅಪ್ಪಣಿ ಹೋತು ಅಂತ."

"ಹಂಗಾರ ನಮ್ಮ ಕಡೆ ವರ್ಷಕ್ಕೊಬ್ಬ ಅರಸನ್ನ ಇಳಸಬೇಕಾಕ್ಕಿತ್ತು," ಎಂದಳು ಖಾಲಾ.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಆಗ ಕುರ್ಚಿಯ ಮಾತು ಬಂದರೆ ಯಾರಾದರೂ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರು. ನಾನೂ ಅಲ್ಲಿ ಬಾಯಿ ಬಿಟ್ಟವಳಲ್ಲ. ತಿಕೋಟಾದ ಪಡಸಾಲೆಯಲ್ಲಿ ಕಿಟಕಿ ಮುಚ್ಚಬೇಕಾಗಿರಲಿಲ್ಲ. ಚೀನಾದ ಅರಸರನ್ನು ಯಾರು ಎಷ್ಟು ಬೇಕಾದರೂ ಬೈಯಬಹುದಿತ್ತು, ಮುದುಕಿಯರಿಬ್ಬರೂ ಮನಸಾರೆ ಬೈದರು.

ಈ ಮಾತೆಲ್ಲ ನಡೆಯುವಾಗ ಅಡುಗೆಮನೆಯ ಬಾಗಿಲ ಹತ್ತಿರ ಕೂತು ಏನಾದರೂ ಹಸನು ಮಾಡುತ್ತಿದ್ದವಳು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಹುಟ್ಟುವುದಕ್ಕೂ ಮೊದಲೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ತವರು ಬಬಲೇಶ್ವರ; ಅಣ್ಣಂದಿರು ಕರೆದೊಯ್ಯಲು ಗಾಡಿ ಕಟ್ಟಿಕೊಂಡು ಬಂದಾಗ ಅವಳು ಹೋಗಲಿಲ್ಲವಂತೆ. ಆಮೇಲೆ ಈ ಮನೆ ನಿಂತದ್ದೇ ಅವಳ ಮೇಲೆ. ಅವ್ವ ನನ್ನನ್ನು ಹೆತ್ತಾಗ ಮೊದಲು ಎತ್ತಿಕೊಂಡವಳು ಅವಳು. ಸುಗ್ಗಿಯಲ್ಲಿ ಕೊಯ್ಲಿಗೆ ಮುಂಚೆ ಒಬ್ಬಳೇ ಹೊಲದ ತುಂಬ ಅಡ್ಡಾಡಿ ಬೀಜಕ್ಕೆಂದು ಜೋಳದ ತೆನೆ ಆರಿಸುವವಳೂ ಅವಳೇ. ಅವನ್ನು ಬೇರೆಯೇ ಒಣಗಿಸಿ, ಬಡಿದು, ಬೂದಿ ಮತ್ತು ಬೇವಿನ ತಪ್ಪಲು ಬೆರೆಸಿ, ಗಡಿಗೆಗಳಿಗೆ ತುಂಬಿ ಬಾಯಿ ಮೆತ್ತಿ ಇಡುತ್ತಿದ್ದಳು. ನಮ್ಮ ಹೊಲದಲ್ಲಿ ಹುಟ್ಟಿದ ಪ್ರತಿ ದಂಟೂ ಅವಳ ಕೈ ದಾಟಿ ಬಂದದ್ದು.

ಆದರೂ ಒಂದು ಕೆಲಸ ಅವಳದಾಗಿರಲಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಡಿ ತುಂಬುವುದು. ಬಸುರಿ ಹೆಂಗಸಿಗೆ ತುಂಬುವ ಹಾಗೆಯೇ, ತೆನೆ ಹೊತ್ತ ನೆಲಕ್ಕೆ ಕುಬಸದ ಕಣ ಹಾಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊನೆ ಇಡುವುದು. ಮನೆಯ ಯಜಮಾನಿ ಅದನ್ನು ಮಾಡಬೇಕು, ಅವಳು ಮುತ್ತೈದೆಯಾಗಿರಬೇಕು. ಅಷ್ಟು ವರ್ಷ ಆಯಿಯೇ ಮಾಡಿದ್ದಳು. ಆ ಹೊತ್ತಿಗೆ ದೊಡ್ಡವ್ವ ಬುಟ್ಟಿಗಳ ಹತ್ತಿರ ಹಿಂದೆ ನಿಂತಿರುತ್ತಿದ್ದಳು. ಈ ಸಲ ಆಯಿ ಏಳುವಂತಿರಲಿಲ್ಲ. ರೂಢಿಯ ಪ್ರಕಾರ ಕಿರಿಯ ಸೊಸೆ, ಎಂದರೆ ನನ್ನ ಅವ್ವ, ಮುಂದೆ ನಿಲ್ಲಬೇಕು.

ಅವ್ವನಿಗೆ ಇದು ಬೇಡವಾಗಿತ್ತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ನನ್ನೊಬ್ಬಳಿಗೇ ಕೇಳುವಂತೆ ಹೇಳಿದಳು: "ಆಯಿ ನಿಂತಾಗ ಅಕ್ಕ ಹಿಂದ ನಿಂತ್ರ ಅದು ಬ್ಯಾರೆ. ನಾ ಮುಂದ ನಿಂತು ಆಕಿ ಹಿಂದ ನಿಂತ್ರ, ನನ್ನ ಕೈಯರ ಹೆಂಗ ಏಳತಾವು?"

"ಹಂಗಂತ ಮುತ್ಯಾಗ ಹೇಳು."

"ನಿಮ್ಮ ಮುತ್ಯಾಗ ಹೇಳೂದೂ ಒಂದ, ಈ ಹೆಂಚಿಗಿ ಹೇಳೂದೂ ಒಂದ."

ಮುತ್ಯಾ, ನನ್ನ ಅಜ್ಜ, ಕೆಟ್ಟವನಲ್ಲ. ರೂಢಿ ಎಂದರೆ ಅವನಿಗೆ ಹೊಲದ ಬದು ಇದ್ದ ಹಾಗೆ. ಯಾರು ಹಾಕಿದರು ಎಂದು ಕೇಳುವುದಿಲ್ಲ, ಒಡೆಯುವುದೂ ಇಲ್ಲ.

ಪುಸ್ತಕದಲ್ಲಿ ಮಂತ್ರಿಗಳೆಲ್ಲ ಸೇರಿ ದಂಡನಾಯಕನ ಮುಂದೆ ಮೊಣಕಾಲೂರಿ, ಗದ್ದುಗೆ ನೀವೇ ಏರಬೇಕು ಎಂದು ಬೇಡಿಕೊಳ್ಳುವ ಭಾಗ ಬಂತು. ಅವನು ಬೇಡವೆಂದ. ಮತ್ತೆ ಕೇಳಿದರು, ಮತ್ತೆ ಬೇಡವೆಂದ. ನಾನು ನಡುವೆ ಬಾಯಿ ಹಾಕಿ, ಇಂಥ ಕಥೆಗಳಲ್ಲಿ ಮೂರು ಸಲ ಬೇಡ ಅನ್ನುವುದು ಒಂದು ಶಿಷ್ಟಾಚಾರ, ಗದ್ದುಗೆ ಬೇಕು ಎನ್ನುವುದನ್ನು ಹೀಗೆ ಬೇಡ ಎಂದು ಹೇಳುತ್ತಾರೆ, ಇದರಲ್ಲಿ ಅರ್ಧ ನಾಟಕ ಎಂದೆ. ಆಗ ನನಗೆ ಎಲ್ಲ ಒಳ್ಳೆಯತನದ ಹಿಂದೆಯೂ ಏನಾದರೊಂದು ಕಾಣುತ್ತಿದ್ದ ವಯಸ್ಸು.

"ಅದರಾಗ ನಾಟಕ ಏನು ಬಂತು?" ಎಂದಳು ಆಯಿ. "ಬೀಗರ ಮನ್ಯಾಗ ಒಮ್ಮಿಗೇ ಹೂಂ ಅಂದು ರೊಟ್ಟಿ ಹಾಕಿಸ್ಕೋತಾರೇನು? ಸಾಕ್ರಿ ಅಂತಾರ, ಬ್ಯಾಡ್ರಿ ಅಂತಾರ. ಹಾಕಾವ್ರು ಹಾಕತಾರ."

"ನಮ್ಮ ತಮ್ಮ ಒಮ್ಮಿ ಸೊಲ್ಲಾಪುರದಾಗ ಯಾರೋ ದೊಡ್ಡವ್ರ ಮನಿಗೆ ಊಟಕ್ಕ ಹೋಗಿದ್ದ," ಎಂದಳು ಖಾಲಾ. "ಬ್ಯಾಡ ಅಂದ. ಅವ್ರು ಖರೇನ ತಿಳದು ತಾಟು ಎತ್ತಿಕೊಂಡು ಹೋದ್ರು. ಉಪಾಸ ಬಂದು ನನ್ನ ಮನ್ಯಾಗ ಉಂಡ."

ಎಲ್ಲರೂ ನಕ್ಕರು. ನಗು ಇಳಿಯುವ ಮೊದಲೇ ಆಯಿ ಅಡುಗೆಮನೆಯ ಕಡೆ ತಿರುಗಿ, ಉಪ್ಪು ಕೇಳಿದಷ್ಟು ಸಾದಾ ಆಗಿ ಹೇಳಿದಳು: "ಏ ದೊಡ್ಡಾಕಿ, ಈ ಸಲ ಅಮಾಸಿಗಿ ಉಡಿ ನೀ ತುಂಬು."

ಮೊರದ ಸಪ್ಪಳ ನಿಂತಿತು. ಅವ್ವ ಬಾಗಿಲಿಗೆ ಬಂದಳು. ದೊಡ್ಡವ್ವ ತಲೆಯೆತ್ತದೆ, "ನನಗ ಬ್ಯಾಡ್ರಿ ಅತ್ತಿ," ಎಂದಳು. ಮತ್ತೆ ಕೇರತೊಡಗಿದಳು.

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮುತ್ಯಾನಿಗೆ ಕೇಳಿಸಿತ್ತು. ಒಳಗೆ ಬಂದು, "ಮುತ್ತೈದಿ ಮನ್ಯಾಗ ಇರೂಮುಂದ ಇದೇನು ಹೊಸಾದು?" ಎಂದ.

"ಹೊಸಾದಂತ ಕೇಳಾಕತ್ತೇನಿ. ಹಳೇದಾದ್ರ ಕೇಳತಿದ್ನೇನು?" ಎಂದಳು ಆಯಿ.

ಮುಂದಿನ ಶನಿವಾರ ಆಯಿ ಮತ್ತೆ ಕೇಳಿದಳು. ದೊಡ್ಡವ್ವ ಅದೇ ಮಾತಿನಲ್ಲಿ ಬೇಡವೆಂದಳು. ಖಾಲಾ ಬೆರಳು ಮಡಿಸಿ, "ಎರಡು ಆದ್ವು ನೋಡು. ಚೀನಾದ ಲೆಕ್ಕದಾಗ ಇನ್ನೊಂದು ಉಳೀತು," ಎಂದಳು. ನನ್ನ ನೆನಪಿನಲ್ಲಿ ಆಗ ದೊಡ್ಡವ್ವನೂ ಸಣ್ಣಗೆ ನಕ್ಕಿದ್ದಾಳೆ. ಆ ನಗುವನ್ನು ನಾನು ನಂಬಲಾರೆ. ಅದು ನಮಗೆಲ್ಲ ಬೇಕಾಗಿದ್ದ ನಗು. ಮೂರನೆಯ ಸಲ ಕೇಳಿದರೆ ಅವಳು ಹೂಂ ಅನ್ನುತ್ತಾಳೆ ಎಂದು ಮುತ್ಯಾನೊಬ್ಬನನ್ನು ಬಿಟ್ಟು ಎಲ್ಲರೂ ನಂಬಿ ಕೂತಿದ್ದೆವು. ಬೇಡ ಎಂದವರಿಗೆ ಒತ್ತಿ ಬಡಿಸುವುದು ನಮ್ಮ ಕಡೆ ಎಷ್ಟು ರೂಢಿಯಾಗಿದೆಯೆಂದರೆ, ಬೇಡ ಎಂಬ ಮಾತಿಗೆ ಬೇಡ ಎಂಬ ಅರ್ಥವೂ ಇರಬಹುದೆಂದು ನಮಗೆ ಹೊಳೆಯಲೇ ಇಲ್ಲ.

ಅಮಾವಾಸ್ಯೆಗೆ ಮುಂಚಿನ ಶನಿವಾರ ಓದಿದ್ದು ಹೊಳೆಯ ಪ್ರಸಂಗ. ದಂಡನಾಯಕ ಗದ್ದುಗೆ ಏರಿರಲಿಲ್ಲ. ಕೂಸನ್ನು ಮೇಲೆ ಕೂಡಿಸಿ ತಾನು ಕೆಳಗಿನ ಮೆಟ್ಟಿಲಲ್ಲಿ ನಿಂತೇ ಆಡಳಿತ ನಡೆಸಿದ. ಆ ವರ್ಷ ಹೊಳೆ ಉಕ್ಕಿತು. ಊರುಗಳು ಕೊಚ್ಚಿಹೋದವು. ಆಗ ಮಂತ್ರಿಗಳು, ಅವನ ಮುಂದೆ ಮೊಣಕಾಲೂರಿ ಬೇಡಿಕೊಂಡವರೇ, ಇದು ಆಕಾಶದ ಸಿಟ್ಟು ಎಂದರು. ತನ್ನದಲ್ಲದ್ದನ್ನು ಮುಟ್ಟಿದವನು ಇವನು, ಇವನಿಂದಲೇ ಹೊಳೆ ಬಂತು ಎಂದರು.

ಆಯಿಗೆ ಸಿಟ್ಟು ಬಂತು. "ಹೊಳಿ ಬಂದ್ರ ಇಂವೇನು ಮಾಡತಾನ? ಇಂವೇನು ಹೊಳಿಗಿ ಹೋಗಿ ಕರದಿದ್ನೇನು?"

"ಹಂಗ ಅದು," ಎಂದಳು ಖಾಲಾ. "ಮಳಿ ಆದ್ರ ಅರಸನ ಪುಣ್ಯೇ, ಹೊಳಿ ಬಂದ್ರ ಆಳಿನ ಪಾಪ."

ಆಮೇಲೆ ಆಯಿ, ಬಹುಶಃ ಆ ಸಿಟ್ಟಿನಲ್ಲಿಯೇ, ಮೂರನೆಯ ಸಲ ಕೇಳಿದಳು. "ದೊಡ್ಡಾಕಿ, ಕಡೀಸಲ ಕೇಳತೇನಿ. ಉಡಿ ತುಂಬತೀಯೋ ಇಲ್ಲೋ?"

ದೊಡ್ಡವ್ವ ಮೊರ ಕೆಳಗಿಟ್ಟಳು. ಎದ್ದು ಬಂದು ಹೊರಸಿನ ಹತ್ತಿರ ನೆಲದ ಮೇಲೆ ಕೂತಳು. ಅವಳು ಹೇಳಿದ್ದು ಇದು. ಇಷ್ಟು ಮಾತ್ರ ನನಗೆ ಅನುಮಾನವಿಲ್ಲದೆ ನೆನಪಿದೆ, ಏಕೆಂದರೆ ಅವಳು ಒಮ್ಮೆಗೇ ಇಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಅತ್ತಿ, ನಾ ಉಪಚಾರಕ್ಕ ಬ್ಯಾಡ ಅನ್ನಾಕತ್ತಿಲ್ರಿ. ಮನಸ್ಸಿಲ್ಲ ಅಂತಾನೂ ಅಲ್ಲ. ನಾ ಹುಟ್ಟಿಸಿದ್ದು ಅಂದ್ರ ಆ ಹೊಲದಾಗಿನ ಜ್ವಾಳ ಒಂದ. ಅದಕ್ಕ ಉಡಿ ತುಂಬಬೇಕಂತ ನನಗ ಆಸೆ ಇಲ್ಲೇನ್ರಿ? ಆದ್ರ ನಾಳೆ ತೆನಿಗೆ ಹುಳ ಬಿತ್ತಂದ್ರ, ಕಾಡಿಗಿ ಬಿತ್ತಂದ್ರ, ಮಂದಿ ಹುಳದ ಹೆಸರು ಹೇಳಂಗಿಲ್ಲ, ನನ್ನ ಹೆಸರು ಹೇಳತಾರ. ಗಂಡನ್ನ ತಿಂದಾಕಿ, ಈಗ ಹೊಲಾ ತಿಂದ್ಲು ಅಂತಾರ. ಒಂದು ಮಾತು ಹೊತ್ತುಕೊಂಡು ಇಷ್ಟು ವರ್ಷ ಬಾಳೇನಿ. ಎರಡನೇದು ಹೊರಾಕ ಆಗಂಗಿಲ್ರಿ. ಆ ದಂಡಿನಾಂವಗ ಮಾಡಿದ್ದು ಈಗರ ಕೇಳಿದ್ರಲ್ಲ."

ನಾನು ಪುಸ್ತಕ ಮುಚ್ಚಿದೆ. ಕಥೆ ಕೇಳುತ್ತಿದ್ದವರು ಆಯಿ, ಖಾಲಾ ಇಬ್ಬರೇ ಎಂದು ನಾನು ತಿಳಿದಿದ್ದೆ. ಒಳ್ಳೆಯ ಆಡಳಿತಕ್ಕೆ ಆಕಾಶದ ಒಪ್ಪಿಗೆ ಸಿಗುತ್ತದೆ ಎಂಬ ಆ ವಿಚಾರ ನನಗೆ ಬಹಳ ಉದಾತ್ತವಾಗಿ ಕಂಡಿತ್ತು, ಒಂದು ಲೇಖನ ಬರೆಯಬೇಕೆಂದೂ ಇತ್ತು. ಅದರ ಇನ್ನೊಂದು ಮಗ್ಗುಲನ್ನು ಬಲ್ಲ ದೊಡ್ಡವ್ವ ಇಷ್ಟು ದಿನ ಬಾಗಿಲ ಹತ್ತಿರವೇ ಕೂತಿದ್ದಳು. ಮಳೆ ಬೆಳೆಯನ್ನು ಸಾಕ್ಷಿಗೆ ಕರೆದರೆ, ಅದು ಯಾರ ವಿರುದ್ಧ ಸಾಕ್ಷಿ ಹೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಆಯಿ ಹೊರಗೆ ಕೇಳುವಂತೆ ದನಿಯೆತ್ತಿ ಹೇಳಿದಳು: "ಹಂಗಾರ ನಾನೂ ಹೊಲಕ್ಕ ಬರತೇನಿ."

ಮುತ್ಯಾ ಬಾಗಿಲಿಗೆ ಬಂದ. "ಸೊಂಟ ಮುರಕೊಂಡಾಕಿ ಗಾಡ್ಯಾಗ ಹೆಂಗ ಬರತಿ?"

"ಹೊರಸಿನ ಸಮೇತ ಏರಸ್ರಿ."

"ಹೆಣಾ ಒಯ್ದಂಗ ಕಾಣತೈತಿ."

"ಕಾಣ್ಲಿ ಬಿಡ್ರಿ. ಖರೇನ ಒಯ್ಯೂಮುಂದ ನೋಡಾಕ ನಾ ಇರಂಗಿಲ್ಲ. ಈಗರ ನೋಡತೇನಿ." ಅಷ್ಟು ಹೇಳಿ ದೊಡ್ಡವ್ವನ ಮುಂಗೈ ಹಿಡಿದುಕೊಂಡಳು. "ಉಡಿ ತುಂಬಾಕಿ ನಾನು. ನನ್ನ ಕೈ ನಡಗತಾವು, ಕಾಳು ಚೆಲ್ಲತಾವು, ಅದಕ್ಕ ನಿನ್ನ ಕೈ ಬೇಕು. ಹುಳ ಬೀಳ್ಲಿ, ಕಾಡಿಗಿ ಬೀಳ್ಲಿ, ಯಾರರ ಕೇಳಿದ್ರ ನನ್ನ ಹೆಸರ ಹೇಳು. ನನ್ನನ್ನ ಇನ್ನ ಯಾರು ಏನು ಮಾಡತಾರ?"

ದೊಡ್ಡವ್ವ ಹೂಂ ಅನ್ನಲಿಲ್ಲ. ಬೇಡವೆಂದೂ ಅನ್ನಲಿಲ್ಲ. ಮುತ್ಯಾ ಗಾಡಿಯ ಅಗಲ ಸಾಲುತ್ತದೋ ಇಲ್ಲವೋ ನೋಡಲು ಹಿತ್ತಲಿಗೆ ಹೋದ.

ಹೊಲ ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿತ್ತು. ಅಮಾವಾಸ್ಯೆಯ ಮುಂಜಾನೆ ಗಾಡಿಗೆ ಕಣಿಕೆ, ಎಂದರೆ ಜೋಳದ ಒಣದಂಟು, ಹಾಸಿ, ಅದರ ಮೇಲೆ ಕೌದಿಗಳನ್ನು ಹಾಸಿ ಆಯಿಯನ್ನು ಮಲಗಿಸಿದರು, ಹೊರಸು ಹಿಡಿಸಲಿಲ್ಲ. ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಲೆ, ಕಡಬು ತುಂಬಿದ ಬುಟ್ಟಿಗಳ ನಡುವೆ ಆಯಿ ಒಂದು ಬುಟ್ಟಿಯ ಹಾಗೆಯೇ ಕಾಣುತ್ತಿದ್ದಳು. ಗಾಡಿ ಕುಲುಕಿದಾಗಲೆಲ್ಲ ಎತ್ತುಗಳನ್ನೂ, ಅವನ್ನು ಹೊಡೆಯುತ್ತಿದ್ದ ನನ್ನ ಅಪ್ಪನನ್ನೂ ಒಂದೇ ಮಾತಿನಲ್ಲಿ ಬೈಯುತ್ತಿದ್ದಳು. ಪ್ರತಿ ವರ್ಷದಂತೆ ಖಾಲಾಳ ಮನೆಯವರೂ ಊಟಕ್ಕೆ ಬಂದರು.

ಬನ್ನಿಗಿಡದ ಕೆಳಗೆ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಇಟ್ಟಿದ್ದರು, ಅವರು ಪಾಂಡವರು. ಅವರ ಮುಂದೆ ಆಯಿಯನ್ನು ಅಪ್ಪನೂ ಮುತ್ಯಾನೂ ಎತ್ತಿ ತಂದು, ಅವ್ವನ ಎದೆಗೆ ಒರಗಿಸಿ ಕೂಡಿಸಿದರು. ಕುಬಸದ ಕಣ ನೆಲಕ್ಕೆ ಹಾಸಿದರು. ಆಯಿ ಅಕ್ಕಿಯ ಬಟ್ಟಲಿಗೆ ಕೈ ಹಾಕಿದಳು. ಆ ಕೈಯ ಕೆಳಗೆ ದೊಡ್ಡವ್ವನ ಕೈ ಬಂತು. ಎರಡು ಕೈ ಕೂಡಿ ಬೊಗಸೆಯಾಯಿತು. ಮೊದಲ ಬೊಗಸೆ ಹಾಕಿದರು, ಕೊಬ್ಬರಿ ಇಟ್ಟರು.

ಇಲ್ಲಿಂದ ಮುಂದೆ ನನ್ನ ನೆನಪು ಒಂದು ಹೇಳುತ್ತದೆ, ಬೇರೆಯವರದು ಬೇರೆ ಹೇಳುತ್ತದೆ. ನನಗೆ ಕಾಣುವುದು ಹೀಗೆ: ನಡುವೆಯೇ ಆಯಿ ಮೆಲ್ಲಗೆ ತನ್ನ ಕೈ ತೆಗೆದುಕೊಂಡಳು, ದೊಡ್ಡವ್ವನಿಗೆ ಅದು ಗೊತ್ತಾಗಲಿಲ್ಲ ಅಥವಾ ಗೊತ್ತಾದರೂ ನಿಲ್ಲಿಸಲಿಲ್ಲ; ಉಳಿದ ಉಡಿಯನ್ನು ಅವಳೊಬ್ಬಳೇ ತುಂಬಿದಳು. ಮುತ್ಯಾ ಆ ಹೊತ್ತಿಗೆ ಎತ್ತುಗಳ ಕಡೆ ಮುಖ ತಿರುಗಿಸಿ ನಿಂತಿದ್ದ. ಅನೇಕ ವರ್ಷಗಳ ನಂತರ ಇದನ್ನು ಅವ್ವನ ಮುಂದೆ ಹೇಳಿದಾಗ ಅವಳು ತಲೆಯಾಡಿಸಿದಳು. "ಕಡೀತನಕ ಹಿಡಕೊಂಡ ಇದ್ಲು. ನನ್ನ ಎದಿಗೇ ಒರಗಿದ್ಲಲ್ಲ, ನನಗ ಗೊತ್ತಾಗೂದಿಲ್ಲೇನು?" ಖಾಲಾಳನ್ನು ಕೇಳಿದೆ. "ನಾ ಕೈ ನೋಡ್ಲಿಲ್ಲವ್ವಾ, ಕಡಬು ನೋಡಾಕತ್ತಿದ್ದೆ," ಎಂದಳು.

ಆಯಿ ಕೈ ತೆಗೆದಿದ್ದರೆ ಚೆನ್ನಾಗಿತ್ತು ಎಂದು ನನ್ನ ಓದು ಬಯಸುತ್ತದೆ. ಆ ಬಯಕೆಯೇ ಈ ಚಿತ್ರವನ್ನು ಬರೆದಿರಬಹುದು. ಅವ್ವ ಇನ್ನೊಂದು ಮಾತನ್ನೂ ಹೇಳಿದಳು: "ನಿನ್ನ ಪುಸ್ತಕ ಕೇಳಿ ಆಯಿ ಹಂಗ ಮಾಡಿದ್ಲಂತ ನೀ ತಿಳಿದಿ. ಬಿದ್ದ ದಿನಾನ ನನ್ನ ಮುಂದ ಅಂದಿದ್ಲು, ಈ ಸಲ ದೊಡ್ಡಾಕಿ ಕೈಲೆ ಮಾಡಸ್ತೇನಿ ಅಂತ." ಹಾಗಿದ್ದರೆ ನಾನೂ ನನ್ನ ದಂಡನಾಯಕನೂ ಆ ಪಡಸಾಲೆಯಲ್ಲಿ ಏನು ಮಾಡುತ್ತಿದ್ದೆವು? ಆಯಿಗೆ ಹೊತ್ತು ಕಳೆಯುತ್ತಿದ್ದೆವು, ಅಷ್ಟೇ ಇರಬಹುದು. ದೊಡ್ಡವ್ವನಿಗೆ ಮಾತ್ರ, ತನ್ನ ಭಯವನ್ನು ಹೇಳಿಕೊಳ್ಳಲು ದೂರದೇಶದವನೊಬ್ಬನ ಆಸರೆ ಸಿಕ್ಕಿತೇನೋ.

ಅದಾದ ಮೇಲೆ ಅಪ್ಪ ಕೂಗುತ್ತ ಹೊಲದ ನಾಲ್ಕೂ ಕಡೆ ಚರಗ, ಎಂದರೆ ನೈವೇದ್ಯದ ಅಡುಗೆ, ಚೆಲ್ಲಿದ, ನಾನು ಹಿಂದೆ ನೀರು ಚಿಮುಕಿಸುತ್ತ ಹೋದೆ. ತೆನೆಗಳು ಹಾಲು ತುಂಬಿ ನಿಂತಿದ್ದವು. ಎಲ್ಲರೂ ಗಿಡದ ಕೆಳಗೆ ಕೂತು ಉಂಡೆವು. ದೊಡ್ಡವ್ವ ಬಡಿಸಿದಳು, ಪ್ರತಿ ವರ್ಷ ಬಡಿಸುವ ಹಾಗೆಯೇ.

ಕಥೆಯಾಗಿದ್ದರೆ ಆ ವರ್ಷ ಬೆಳೆ ಬಂಗಾರವಾಗಬೇಕಿತ್ತು. ಹಾಗಾಗಲಿಲ್ಲ. ಮುಂದಿನ ತಿಂಗಳು ಹೊಲದ ಒಂದು ಮಗ್ಗುಲಲ್ಲಿ ಕಾಡಿಗೆ ರೋಗ ಕಾಣಿಸಿತು. ತೆನೆಯೊಳಗೆ ಕಾಳಿನ ಬದಲು ಕಪ್ಪು ಪುಡಿ. ನಾನು ವಿಜಾಪುರದಲ್ಲಿದ್ದೆ, ಪರೀಕ್ಷೆಗಳು ಹತ್ತಿರವಿದ್ದವು, ಊರಿಗೆ ಹೋಗುವುದು ತಪ್ಪಿತ್ತು. ಇನ್ನು ಮುಂದಿನದು ಅವ್ವ ಹೇಳಿದ್ದು. ನಾನು ಅಲ್ಲಿ ಇರಲಿಲ್ಲವಾದ್ದರಿಂದ ಇದನ್ನು ನನ್ನ ನೆನಪಿಗಿಂತ ಹೆಚ್ಚು ನಂಬುತ್ತೇನೆ.

ಬಬಲೇಶ್ವರದಿಂದ ಮುತ್ಯಾನ ದಾಯಾದಿ ಹಿರಿಯನೊಬ್ಬ 'ಬೆಳಿ ನೋಡಾಕ ಬಂದೇನಿ' ಎಂದು ಬಂದ. ಬಂದದ್ದು ಬೆಳೆ ನೋಡಲು ಅಲ್ಲ. ಊಟಕ್ಕೆ ಕೂತಾಗ, ಒಳಗೆ ಕೇಳುವಂತೆ ಮಾತು ತೆಗೆದ. "ಯಾವ ಕೈ ಉಡಿ ತುಂಬ್ತು ಅಂತ ಊರ ತುಂಬ ಗೊತ್ತಾಗೇತಿ. ಭೂಮಿತಾಯಿ ಸುಮ್ಮ ಇರತಾಳೇನು? ತೋರಿಸ್ಯಾಳ ನೋಡು."

ಆಯಿ ಹೊರಸಿನ ಮೇಲಿಂದ, "ಉಡಿ ತುಂಬಿದಾಕಿ ನಾನು," ಎಂದಳು. ಅವಳ ದನಿ ಆಗಲೇ ಸಣ್ಣದಾಗಿತ್ತು. ಬಂದವನು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಳ್ಳಬೇಕೆಂದು ಅವನಿಗೆ ಅನ್ನಿಸಲಿಲ್ಲ.

ಆಗ ಮುತ್ಯಾ ತುತ್ತು ನಿಲ್ಲಿಸಿ ಹೇಳಿದನಂತೆ: "ಕಾಡಿಗಿ ಬೀಜದಾಗ ಇರತೈತೋ ಮಾರಾಯಾ. ಕೈಯಾಗ ಇರೂದಿಲ್ಲ. ನಿಮ್ಮ ಹೊಲಕ್ಕ ಹ್ವಾದ ವರ್ಷ ಬಿದ್ದಾಗ ಯಾರು ಉಡಿ ತುಂಬಿದ್ರು? ಊಟ ಮಾಡು."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ದೊಡ್ಡವ್ವ ಕೈ ತೊಳೆದುಕೊಂಡು, ಸೆರಗು ಎಳೆದುಕೊಂಡು, ಬಾಗಿಲಿಗೆ ಬಂದು ನಿಂತಳು. ಸೊಸೆಯಂದಿರು ಮಾವನ ಜೊತೆ ನೇರವಾಗಿ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಹೇಳುವುದೇನಿದ್ದರೂ ನನ್ನ ಮೂಲಕವೋ ಆಯಿಯ ಮೂಲಕವೋ, ಯಾರೂ ಇಲ್ಲದಿದ್ದರೆ ಬೆಕ್ಕಿಗೆ ಹೇಳಿದಂತೆಯೋ ಹೇಳುತ್ತಿದ್ದರು. ಆ ದಿನ ಅವಳು ಯಾರ ಮೂಲಕವೂ ಹೇಳಲಿಲ್ಲ.

"ಮಾವಾರ, ಬೀಜ ಆರಿಸಿದಾಕಿ ನಾನ್ರಿ. ಹ್ವಾದ ವರ್ಷ ಆ ಮಗ್ಗಲಿನ ತೆನಿ ತುಸು ಕರ್ರಗಿದ್ದವು. ತೊಳದ್ರ ಹೋಕೈತಿ ಅಂತ ತಗೊಂಡೆ. ಅದು ನನ್ನ ತಪ್ಪೈತ್ರಿ. ಉಡಿದು ತಪ್ಪಿಲ್ಲ."

ಬಂದ ಹಿರಿಯ ರೊಟ್ಟಿ ಮುರಿದುಕೊಂಡ. ಅವ್ವ ಬಾಗಿಲ ಹಿಂದೆ ನಿಂತಿದ್ದಳಂತೆ. ಮುತ್ಯಾ ದೊಡ್ಡವ್ವನ ಮುಖ ನೋಡಲಿಲ್ಲ, ಆದರೆ ಅವಳ ಕಡೆಗೇ ತಿರುಗಿ ಕೇಳಿದ.

"ಮತ್ತ ಈಗ ಏನು ಮಾಡೂಣವಾ?"

"ಕಾಡಿಗಿ ಹತ್ತಿದ ತೆನಿ ಈಗನ ಕೊಯ್ದು ಸುಟ್ಟುಬಿಡೂಣ್ರಿ. ಮುಂದಿನ ವರ್ಷದ ಬೀಜ ನಮ್ಮದು ಬ್ಯಾಡ. ನಿಡೋಣಿ ಕಡೆ ಈ ವರ್ಷ ಚಲೋ ಬಂದಾವಂತ. ಸುಗ್ಗಿಗೆ ಮೊದಲ ಹೋಗಿ, ನಿಂತ ಬೆಳ್ಯಾಗನ ಆರಿಸಿ ಬರಬೇಕ್ರಿ."

"ಯಾರು ಆರಸತಾರ?"

"ನಾನ ಹೋಗತೇನ್ರಿ."

ಮುತ್ಯಾ ಇನ್ನೊಂದು ತುತ್ತು ಉಂಡು, ನೀರು ಕುಡಿದು, "ಗಾಡಿ ಕಟ್ಟಸ್ತೇನಿ," ಎಂದ.